ಚಕ್ಕಡಿಗೆ ತಂದ ಟೈರು

ಚನಮಲ್ಲಪ್ಪನ ಮನೆಯಲ್ಲಿ ಟೈರು ಸಾಯುವುದಿಲ್ಲ. ಜೀಪಿನಲ್ಲಿ ಸವೆದದ್ದು ಎತ್ತಿನ ಚಕ್ಕಡಿಗೆ ಬರುತ್ತದೆ. ಅಲ್ಲಿ ಕಬ್ಬು ಹೊತ್ತು ಹೊತ್ತು ನುಣ್ಣಗಾದ ಮೇಲೆ ಅದನ್ನು ಸೀಳಿ ಕೊಟ್ಟಿಗೆಯ ಬಾಗಿಲಿಗೆ ಬಿಜಾಗರಿ ಮಾಡುತ್ತಾರೆ, ಉಳಿದ ತುಂಡು ಬಾವಿಯ ಪೈಪಿನ ಕೆಳಗೆ ಮೆತ್ತೆಯಾಗುತ್ತದೆ. ಅವನ ಅಪ್ಪನೂ ಹಾಗೇ ಮಾಡಿದ್ದ. ಹುನ್ನೂರಿನಲ್ಲಿ ಚಕ್ಕಡಿ ಇದ್ದವರು ಟೈರು ಕೊಳ್ಳಲು ಹೋದಾಗ ಒಂದು ಕಣ್ಣು ಗಾಡಿಯ ಮೇಲಿದ್ದರೆ ಇನ್ನೊಂದು ಚಕ್ಕಡಿಯ ಮೇಲೆಯೇ.

ಈ ಸಲ ಸವೆದದ್ದು ಸೊಸೆಯ ಕಾರಿನ ಟೈರು. ವೈಶಾಲಿ ಬೀಳಗಿಯ ಆಸ್ಪತ್ರೆಯೊಂದರಲ್ಲಿ ನರ್ಸು. ಬಸ್ಸಿನಲ್ಲಿ ಓಡಾಡಿ ಸಾಕಾಗಿ, ಅಲ್ಲೇ ಕ್ವಾರ್ಟರ್ಸಿಗೆ ಹೋಗುವ ಮಾತೆತ್ತಿದಾಗ ಚನಮಲ್ಲಪ್ಪ ಮನೆ ಹಾರಿಹೋಗುವಂತೆ ಕೂಗಾಡಿದ್ದ. ಅವಳು ಹೋದರೆ ಮಗ ವೀರೇಶನೂ ಹೋಗುತ್ತಾನೆ, ಮೊಮ್ಮಗಳು ಅಕ್ಷತಾಳೂ ಹೋಗುತ್ತಾಳೆ. ಕೂಗಾಟದಿಂದ ಏನೂ ಆಗಲಿಲ್ಲ. ವೈಶಾಲಿ ತನ್ನ ಪಗಾರದಲ್ಲಿ ಹಳೆಯದೊಂದು ಎಲೆಕ್ಟ್ರಿಕ್ ಕಾರು ಕೊಂಡಳು, ಅದರಿಂದ ಆ ಮಾತು ನಿಂತಿತು. ತೋಟದ ಮನೆಯ ಲೈನಿನಲ್ಲಿ ಕಾರು ತುಂಬುವಷ್ಟು ಕರೆಂಟು ದಿನ ಬಿಟ್ಟು ದಿನ ಸಿಗುತ್ತಿತ್ತು. ಒಮ್ಮೆ ತುಂಬಿದರೆ ಎರಡು ದಿನ ಬೀಳಗಿಗೆ ಹೋಗಿ ಬರಬಹುದಿತ್ತು. ಮನೆ ಒಂದಾಗಿ ನಿಂತದ್ದು ಆ ಎರಡು ದಿನದ ಮೇಲೆ.

ಟೈರು ಇಷ್ಟು ಬೇಗ ಸವೆದದ್ದು ನೋಡಿ ಚನಮಲ್ಲಪ್ಪನಿಗೆ ಸಿಟ್ಟು ಬಂತು. "ನನ್ನ ಜೀಪಿನ ಟೈರ್ ಇದರ ಎರಡ್ ಪಟ್ಟು ಬಾಳಿಕಿ ಬಂದಾವ!"

"ಬ್ಯಾಟರಿ ಭಾರ ಭಾಳ ರೀ ಮಾವಾರ," ಎಂದಳು ವೈಶಾಲಿ. "ಮತ್ತ ಕಾಲಿಟ್ಟ ಕೂಡ್ಲೆ ಪೂರಾ ಜೋರಿನ ಮ್ಯಾಲ ಎಳಿತೈತಿ. ಅದಕ್ಕ ಟೈರ್ ಲಗೂ ತಿಂತೈತಿ. ನೀವು ಜಮಖಂಡಿಗೆ ಹೊಂಟೀರಲ್ಲ, ಕಾರ್ ಒಯ್ದು ಹಾಕಿಸ್ಕೊಂಡ ಬರ್ರಿ. ಬಾಗಲಾ ತೆಗದ್ರ ಅಳತಿ ಅಲ್ಲೇ ಬರದಾರ. ಭಾರ ತಡಿಬೇಕು, ಹಗೂರ ಉಳ್ಳಬೇಕು, ಅಂಥಾದ್ದು ಕೊಡು ಅಂತ ಪ್ರಭುಲಿಂಗಣ್ಣಗ ಹೇಳ್ರಿ."

"ನನಗ ಟೈರ್ ಕಲಸ್ತಿಯೇನವಾ?" ಎಂದು ಚನಮಲ್ಲಪ್ಪ ಕೀಲಿ ತೆಗೆದುಕೊಂಡು ಹೊರಟ.

ಜಮಖಂಡಿಯ ಟೈರಿನ ಅಂಗಡಿಯ ಪ್ರಭುಲಿಂಗ ಬಾಗಿಲಿನ ಅಳತೆ ಓದಿ, ಸರಿಯಾದ ಟೈರನ್ನೇ ಉರುಳಿಸಿಕೊಂಡು ಬಂದ. ಚನಮಲ್ಲಪ್ಪ ಅದರ ಪಕ್ಕೆಯನ್ನು ಹೆಬ್ಬೆರಳಿನಿಂದ ಒತ್ತಿದ.

"ಇದೇನ್ ಟೈರೋ ಹಪ್ಪಳೋ?"

ಮೂಲೆಯಲ್ಲಿ ಬೇರೆ ಟೈರು ನಿಂತಿದ್ದವು. ದಪ್ಪ ಮೈ, ಆಳವಾದ ಕಚ್ಚು. ಚನಮಲ್ಲಪ್ಪ ಹೋಗಿ ತಟ್ಟಿದ. ಎತ್ತಿನ ತೊಡೆ ತಟ್ಟಿದ ಹಾಗಾಯಿತು. "ಇವನ್ನ ಹಾಕು."

"ಕಾಕಾ, ಅವು ಮಾಲಿನ ಗಾಡೀವು. ರಿಮ್ಮಿಗೆ ಕೂಡತಾವ ಖರೆ, ಈ ಕಾರಿಗೆ ಅಲ್ಲ. ಬಿರುಸ ಅದಾವ, ಉಳ್ಳಾಕ ಜೋರ್ ಬೇಕು. ಚಾರ್ಜ್ ಕುಡಿತಾವ."

"ಸವದ ಮ್ಯಾಲ ಇವು ನನ್ನ ಚಕ್ಕಡಿಗೆ ಬರತಾವ. ನಿನ್ನ ಹಪ್ಪಳ ಬರತೈತೇನು?"

ಪ್ರಭುಲಿಂಗ ನಕ್ಕುಬಿಟ್ಟ. "ಕನ್ಯಾ ನೋಡಾಕ ಹೋಗಿ, ಮುದುಕಿ ಆದ ಮ್ಯಾಲ ಈಕಿ ಹೆಂಗ ಕಾಣಸ್ತಾಳ ಅಂತ ಕೇಳಿದಂಗಾತಲ್ಲ ಕಾಕಾ!"

"ಹಲ್ಲ ಕಿಸಿಬ್ಯಾಡ. ಹಾಕ್ತಿಯೋ, ನಾ ಮುಧೋಳಕ್ಕ ಹೋಗ್ಲ್ಯೋ?"

ಪ್ರಭುಲಿಂಗ ಹಾಕಿದ. ಚನಮಲ್ಲಪ್ಪನ ಜೊತೆ ವಾದ ಮಾಡಿ ಸೋತವರು ಆ ಬಜಾರದಲ್ಲಿ ಅಂಗಡಿಗೊಬ್ಬರಿದ್ದರು. ಅವರ ಸಾಲಿಗೆ ಸೇರಲು ಪ್ರಭುಲಿಂಗನಿಗೆ ಪುರುಸೊತ್ತಿರಲಿಲ್ಲ.

ಮನೆಗೆ ಬಂದ ಕಾರನ್ನು ವೈಶಾಲಿ ಒಂದು ಸುತ್ತು ಹಾಕಿ ನೋಡಿದಳು. "ಮಾವಾರ, ನಾ ಹೇಳಿದ್ದು ಇದಲ್ಲ."

"ಅದಕ್ಕಿಂತ ಛಲೋದು ತಂದೇನಿ."

ರಾತ್ರಿ ಕಾರು ತುಂಬಿಕೊಂಡಿತು, ಬೆಳಿಗ್ಗೆ ಅವಳು ಡ್ಯೂಟಿಗೆ ಹೋದಳು. ಸಂಜೆ ಬಂದವಳು ಕೆಳಗಿಳಿಯದೆ ಕಾರಿನೊಳಗೆ ತೋರುವ ಚಾರ್ಜಿನ ಅಂಕಿ ನೋಡುತ್ತ ಕುಳಿತಿದ್ದಳು. "ಅರ್ಧಕ್ಕಿಂತ ಭಾಳ ಕೆಳಗ ಬಂದೈತ್ರಿ. ತಿರುವಿನ್ಯಾಗ ಟೈರ್ ಮಡ್‌ಗಾರ್ಡಿಗೆ ತಿಕ್ಕತೈತಿ."

"ಹೊಸಾವು ಅದಾವ. ಮೈ ಬಿಡೂಮಟಾ ಹಂಗ," ಎಂದ ಚನಮಲ್ಲಪ್ಪ.

ಆ ರಾತ್ರಿ ಲೈನಿನಲ್ಲಿ ಕರೆಂಟಿನ ಪಾಳಿ ಇರಲಿಲ್ಲ. ಮರುದಿನ ವೈಶಾಲಿ ಉಳಿದ ಚಾರ್ಜಿನಲ್ಲೇ ಡ್ಯೂಟಿಗೆ ಹೋದಳು. ಹೊತ್ತು ಇಳಿಯುವಾಗ ಹೆಂಡತಿ ಶಿವಗಂಗವ್ವ ಫೋನು ಹಿಡಿದುಕೊಂಡೇ ಅಂಗಳಕ್ಕೆ ಬಂದಳು.

"ನಿಮ್ಮ ಟೈರ್ ಗಟ್ಟಿ ಅದಾವಂತ ನೋಡ್ರಿ. ಟೈರಿಗೇನೂ ಆಗಿಲ್ಲಂತ, ಕಾರ್ ನಿಂತೈತಂತ."

ಜೀಪು ವೀರೇಶನ ಜೊತೆ ಸಕ್ಕರೆ ಕಾರ್ಖಾನೆಗೆ ಹೋಗಿತ್ತು. ಚನಮಲ್ಲಪ್ಪ ಚಕ್ಕಡಿ ಹೂಡಿದ, ಹಗ್ಗ ಹಾಕಿಕೊಂಡ, ದಾರಿಯುದ್ದಕ್ಕೂ ಬ್ಯಾಟರಿ ಮಾಡಿದವರನ್ನು ಬೈದ.

ಜಮಖಂಡಿ ರಸ್ತೆಯಲ್ಲಿ ತಾರವ್ವನ ಹಿಟ್ಟಿನ ಗಿರಣಿಯ ಮುಂದೆ ಕಾರು ನಿಂತಿತ್ತು. ಜಮಖಂಡಿಯ ಚಾರ್ಜ್ ಮಾಡುವ ಜಾಗದಲ್ಲಿ ಕಾರುಗಳ ಸಾಲು ನೋಡಿ, ಹುನ್ನೂರ ಇನ್ನೇನು ಬಂತಲ್ಲ ಎಂದು ವೈಶಾಲಿ ಮುಂದೆ ಬಂದಿದ್ದಳು.

"ಹಗ್ಗ ಕಟ್ಟು, ಎತ್ತು ಎಳಿತಾವ," ಎಂದ ಚನಮಲ್ಲಪ್ಪ.

"ಬ್ಯಾಡ್ರಿ. ಗಾಲಿ ಉಳ್ಳಿಸಿ ಎಳದ್ರ ಮೋಟಾರ್ ಕೆಡತೈತಿ. ಗಿರಣಿಯಾಗಿಂದ ವಾಯರ್ ತಗೊಂಡೇನಿ. ಮನಿ ಮುಟ್ಟೂವಷ್ಟು ಆಗೂಮಟಾ ಕುಂಡ್ರಬೇಕು."

ತಾರವ್ವ ಹಿಟ್ಟು ಮೆತ್ತಿದ ಕೈಯಲ್ಲೇ ಹೊರಗೆ ಬಂದಳು. "ಬಾ ಚನಮಲ್ಲಪ್ಪಣ್ಣ. ಸೊಸಿ ಕಾರು ಕರೆಂಟ್ ಮೇಯಾಕತ್ತೈತಿ. ನಿನ್ನ ಎತ್ತಿಗೂ ಒಂದ್ ವಾಯರ್ ಕೊಡ್ಲೇನು?"

"ಒಳಗ ಜ್ವಾಳಾ ಬೀಸ ಹೋಗು!"

ಅವಳು ನಗುತ್ತ ಹೋದಳು. ಮಾವ ಸೊಸೆ ಗಿರಣಿಯ ಕಟ್ಟೆಯ ಮೇಲೆ ಕುಳಿತರು. ವೈಶಾಲಿಯೇ ಮಾತು ತೆಗೆದಳು.

"ಬೀಳಗಿಯಾಗ ಕ್ವಾರ್ಟರ್ಸ್ ಒಂದು ಖಾಲಿ ಆಗೇತ್ರಿ. ತಗೋತೀಯೋ ಇಲ್ಲೋ ಶನಿವಾರದೊಳಗ ಹೇಳು ಅಂದಾರ. ತಗೋತೇನಿ ಅಂತ ಹೇಳ್ಬೇಕಂತ ಮಾಡೇನಿ."

ಚನಮಲ್ಲಪ್ಪ ಎದ್ದು ನಿಂತ. "ಟೈರಿನ ಸಂಬಂಧ ಮನಿ ಬಿಡ್ತಿ?"

"ಟೈರಿನ ಸಂಬಂಧ ಅಲ್ಲರಿ. ಒಂದ್ ಮಾತು ಹೇಳ್ರಿ. ಇವನ್ನ ನನ್ನ ಕಾರಿಗೆ ತಂದ್ರೋ, ನಿಮ್ಮ ಚಕ್ಕಡಿಗೆ ತಂದ್ರೋ?"

ಚನಮಲ್ಲಪ್ಪ ಎತ್ತುಗಳ ಕಡೆ ತಿರುಗಿದ. ಸಂತೆಯಲ್ಲಿ ಎತ್ತು ಕೊಳ್ಳುವಾಗ ಅವನು ಹಲ್ಲು ನೋಡುತ್ತಾನೆ, ಗೊರಸು ನೋಡುತ್ತಾನೆ, ನಡೆಸಿ ನೋಡುತ್ತಾನೆ. ನಾಳೆ ನೊಗ ಹೊರುತ್ತದೋ ಇಲ್ಲವೋ ಎಂದು ನೋಡುತ್ತಾನೆ. ಸತ್ತ ಮೇಲೆ ಇದರ ಚರ್ಮ ಎಷ್ಟು ಬಾಳುತ್ತದೆ ಎಂದು ಕೇಳಿ ಎತ್ತು ತರುವ ಮೂಳನನ್ನು ಅವನು ಕಂಡಿರಲಿಲ್ಲ. ಈಗ ಕಂಡ ಹಾಗಾಯಿತು.

ಮತ್ತೆ ಕುಳಿತ. "ನಾಳೆ ಡ್ಯೂಟಿ ಎಷ್ಟೊತ್ತಿಗೆ?"

"ಮಧ್ಯಾಹ್ನದ ಪಾಳಿ ಐತ್ರಿ."

"ಮುಂಜಾನೆ ಅಂಗಡಿ ತೆರದ ಕೂಡ್ಲೆ ಹೋಗೂನು. ನೀನ ಆರಿಸು. ನಾ ಬಾಯಿ ತೆರಿಯೂದಿಲ್ಲ."

"ನಿಮಗ ಆಗ್ತೈತೇನ್ರಿ?"

"ಎಲಿ ಅಡಿಕಿ ಹಾಕ್ಕೊಂಡ ಕುಂಡ್ರತೇನಿ."

ವೈಶಾಲಿಗೆ ನಗು ಬಂತು. ಆದರೆ ಸೋಲಲಿಲ್ಲ. "ಎರಡ್ ದಿನ ಓಡಿಸಿ ನೋಡ್ತೇನಿ. ಆಮ್ಯಾಲ ಹೇಳ್ತೇನಿ."

ಮರುದಿನ ಪ್ರಭುಲಿಂಗನ ಅಂಗಡಿಯಲ್ಲಿ ಚನಮಲ್ಲಪ್ಪ ಬಾಯಿ ತುಂಬ ಎಲೆ ತುಂಬಿಕೊಂಡು ಸ್ಟೂಲಿನ ಮೇಲೆ ಕುಳಿತ. ವೈಶಾಲಿ ಟೈರಿನ ಮೇಲೆ ಬರೆದ ಭಾರದ ಅಂಕಿಯನ್ನು ಬಾಗಿಲಿನ ಅಂಕಿಗೆ ಹಿಡಿದು ನೋಡಿದಳು, ಯಾವುದು ಹಗುರಾಗಿ ಉರುಳುತ್ತದೆ, ಮಳೆಯಲ್ಲಿ ಯಾವುದು ರಸ್ತೆ ಹಿಡಿಯುತ್ತದೆ ಎಂದು ಕೇಳಿದಳು.

"ಏನ್ ಕಾಕಾ, ಹಪ್ಪಳಾನ ಹಾಕ್ಲೇನು?" ಎಂದ ಪ್ರಭುಲಿಂಗ.

ಚನಮಲ್ಲಪ್ಪನ ಕುತ್ತಿಗೆಯ ನರ ಉಬ್ಬಿತು. ಸೊಸೆಯ ಕಡೆ ಬೆರಳು ತೋರಿಸಿ, ಹೊರಗೆ ಹೋಗಿ ಉಗುಳಿ, ಬೇರೆ ಎಲೆ ಹಾಕಿಕೊಂಡು ಬಂದು ಕುಳಿತ. ಗಾಳಿಯನ್ನೂ ಬಾಗಿಲಿನಲ್ಲಿ ಬರೆದ ಅಂಕಿ ನೋಡಿಯೇ ಹಾಕಿಸಿದರು.

ಹಿಂದಿನ ರಾತ್ರಿ ಮನೆಯಲ್ಲಿ ತುಂಬಿಕೊಂಡಿದ್ದ ಕಾರು ಮತ್ತೆ ತುಂಬದೆಯೇ ಎರಡು ದಿನ ಓಡಿತು. ಎರಡನೆಯ ಸಂಜೆ ಚನಮಲ್ಲಪ್ಪ ಮೇವು ಹಾಕುವ ನೆವದಲ್ಲಿ ರಸ್ತೆಗೆ ಕಾಣುವ ಕಡೆಯೇ ನಿಂತಿದ್ದ. ಕಾರು ಸಪ್ಪಳವಿಲ್ಲದೆ ಬಂದು ಅಂಗಳದಲ್ಲಿ ನಿಂತಿತು.

"ಇನ್ನೂ ಉಳದೈತ್ರಿ," ಎಂದಳು ವೈಶಾಲಿ. ಕಾರಿನಿಂದ ಚೀಲ ತೆಗೆದುಕೊಳ್ಳುತ್ತ, "ಕ್ವಾರ್ಟರ್ಸ್ ಬ್ಯಾರೆಯವರಿಗೆ ಕೊಡ್ರಿ ಅಂತ ಹೇಳಿ ಬಂದೇನಿ," ಎಂದಳು.

"ಹೂಂ," ಎಂದು ಚನಮಲ್ಲಪ್ಪ ಎತ್ತಿನ ಕಡೆ ತಿರುಗಿ, ಆಗಲೇ ತುಂಬಿದ ಗೋದಲಿಗೆ ಮತ್ತೊಂದು ಹಿಡಿ ಮೇವು ಹಾಕಿದ.

ಮಾಲಿನ ಗಾಡಿಯ ನಾಲ್ಕು ಟೈರುಗಳಲ್ಲಿ ಎರಡನ್ನು ಕೊಟ್ಟಿಗೆಯ ಮಾಡಿಗೆ ತೂಗುಹಾಕಿದ, ಎರಡನ್ನು ಚಕ್ಕಡಿಗೆ ಏರಿಸಿದ. ಮುಂಜಾನೆ ತೋಟಕ್ಕೆ ಹೊರಟಾಗ ಪಕ್ಕದ ಹೊಲದ ಮುದಕಪ್ಪ ಬದುವಿನ ಮೇಲೆ ನಿಂತು ಬಾಯಿ ಬಿಟ್ಟ. ಹೊಸ ಟೈರಿನ ಚಕ್ಕಡಿಯನ್ನು ಅವನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

"ಏನೋ ಚನಮಲ್ಲಪ್ಪ! ಚಕ್ಕಡಿಗೆ ಕೋರಾ ಟೈರು? ತಲಿ ಗಿಲಿ ಕೆಟ್ಟೈತೇನು?"

"ಚಕ್ಕಡಿಗೇನ ತಂದಿದ್ನೆಲೇ," ಎಂದು ಚನಮಲ್ಲಪ್ಪ ಎತ್ತಿನ ಬಾಲ ತಿರುವಿದ. "ಎರಡ್ ದಿನ ಕಾರಿನ್ಯಾಗ ಇಟ್ಟಿದ್ನಿ, ಅಷ್ಟ."