ಸುಭದ್ರಾ ಆಂಟಿಯನ್ನು ಹಿಂದೆ ಹಾಕಿದ್ದು

ಉತ್ತಮನಿಗೆ ತನ್ನದು ಅನ್ನುವ ಡಾಕ್ಟರ್ ಇರಲಿಲ್ಲ. ಅಡಿಲೇಡಿಗೆ ಬಂದು ನಾಲ್ಕು ವರ್ಷವಾದರೂ ಯಾವ ಕ್ಲಿನಿಕ್ಕಿನಲ್ಲೂ ಹೆಸರು ಬರೆಸಿರಲಿಲ್ಲ. ಅದೇ ಊರಿನ ಮಾಡ್ಬರಿ ಬಡಾವಣೆಯಲ್ಲಿ ಮಹಾಬಲೇಶ್ವರ ಅಂಕಲ್ ಇರುವಾಗ ಬೇರೆ ಡಾಕ್ಟರ್ ಯಾಕೆ? ಅಂಕಲ್ ಆಪರೇಷನ್ನಿಗೆ ಮುಂಚೆ ಅರಿವಳಿಕೆ ಕೊಡುವವರು. ಆದರೆ ಪೂಜೆ, ನಾಮಕರಣದ ಊಟಗಳಲ್ಲಿ ಕಿವಿ, ಹಲ್ಲು, ಬಸಿರು, ಬೆನ್ನು ಎಲ್ಲಕ್ಕೂ ಅವರೇ ಡಾಕ್ಟರು.

ಏಪ್ರಿಲ್‌ನಲ್ಲಿ ಅವರ ಮನೆಯ ಸತ್ಯನಾರಾಯಣ ಪೂಜೆಯ ದಿನ ಉತ್ತಮ್ ಪ್ಯಾಂಟು ಮೇಲೆತ್ತಿ, ಮೊಣಕಾಲಿನ ಕೆಳಗೆ ನೋಯುತ್ತಿದ್ದ ಜಾಗ ತೋರಿಸಿದ. ಅಂಕಲ್ ಬಲಗೈಯಲ್ಲಿ ಪುಳಿಯೋಗರೆ ತಿನ್ನುತ್ತಲೇ ಎಡಗೈ ಹೆಬ್ಬೆರಳಿನಿಂದ ಒತ್ತಿದರು.

"ಬರೀ ಮಸಲ್ ಕಣಯ್ಯಾ. ಓಡು, ತಾನೇ ಬಿಟ್ಕೊಳತ್ತೆ."

ಓಡಿದ. ಓಡದೆ ಇರುವುದಕ್ಕೆ ಧೈರ್ಯವಿರಲಿಲ್ಲ. ಮೈಸೂರಿನಲ್ಲಿ ಅವನ ಅಪ್ಪ ಸಕ್ಕರೆ ಕಾಯಿಲೆಗೆ ಎರಡು ಕಾಲ್ಬೆರಳು ಕೊಟ್ಟಿದ್ದರು. ಹಿಂದಿನ ವರ್ಷ ಆಫೀಸಿನ ತಪಾಸಣೆಯಲ್ಲಿ ಉತ್ತಮನ ಸಕ್ಕರೆಯೂ ಗಡಿ ದಾಟಿತ್ತು. ಮಾರನೆಯ ದಿನವೇ ಸಹೋದ್ಯೋಗಿ ಗುರುದತ್‌ನನ್ನು ಹಾಸಿಗೆಯಿಂದ ಎಬ್ಬಿಸಿಕೊಂಡು ತಮ್ಮ ಬಡಾವಣೆ ಮಾಸನ್ ಲೇಕ್ಸ್‌ನ ಕೆರೆ ಸುತ್ತತೊಡಗಿದ್ದ. ಸಕ್ಕರೆ ಇಳಿದಿತ್ತು.

ಮೇ ತಿಂಗಳಲ್ಲಿ ಕೆರೆಯ ಸೇತುವೆ ಮೇಲೆ ಕಾಲು ಕುಸಿಯಿತು. ಎಕ್ಸ್‌ರೇಯಲ್ಲಿ ಮೂಳೆ ಬಿರುಕು ಬಿಟ್ಟದ್ದು ಕಂಡಿತು. ಆಸ್ಪತ್ರೆಯವರು ಮೊಣಕಾಲುದ್ದದ ಪ್ಲಾಸ್ಟಿಕ್ ಬೂಟು ತೊಡಿಸಿ ಕಳಿಸಿದರು.

ಜುಲೈನಲ್ಲಿ ಬೂಟು ಬಿಚ್ಚಿದಾಗ ಕಾಲು ಸೊರಗಿ ಹುರುಳಿಕಾಯಿಯಾಗಿತ್ತು. ಒಂದು ನಿಮಿಷ ಓಡು, ಆಮೇಲೆ ನಡಿ, ಅದಕ್ಕಿಂತ ಹೆಚ್ಚು ಬೇಡ ಅಂದಳು ಫಿಸಿಯೋ. ಗುರುದತ್ ತನ್ನ ಓಟ ಬಿಟ್ಟು ಕೆರೆ ದಂಡೆಯಲ್ಲಿ ಅವನ ಪಕ್ಕದಲ್ಲೇ ಹೆಜ್ಜೆ ಹಾಕಿದ. ಅಲ್ಲಿ ಜುಲೈ ಅಂದರೆ ಚಳಿಗಾಲ, ಕೊರೆಯುವ ಚಳಿ. ಹಿಂದಿನಿಂದ ಮಹಾಬಲೇಶ್ವರ ಅಂಕಲ್‌ರ ಹೆಂಡತಿ ಸುಭದ್ರಾ ಆಂಟಿ, ಅವರ ವಾಕಿಂಗ್ ಗುಂಪು ಬಂತು. ಎಲ್ಲರೂ ಅರವತ್ತು ದಾಟಿದವರು.

"ಏನೋ ಉತ್ತಮ್, ಮ್ಯಾರಥಾನ್ ಮುಗೀತಾ? ನಮ್ ಜೊತೆ ಸೇರ್ಕೋ. ಮಧ್ಯದಲ್ಲಿ ಕೋಡುಬಳೆ ಬ್ರೇಕೂ ಇದೆ!"

ನಗುತ್ತ ದಾಟಿ ಹೋದರು. ಉತ್ತಮ್ ಓಡತೊಡಗಿದ.

"ನಿಮಿಷ ಆಯ್ತು, ನಿಲ್ಸು," ಅಂದ ಗುರುದತ್.

"ಅವರನ್ನ ದಾಟ್ಬಿಟ್ಟು ನಿಲ್ಸ್ತೀನಿ."

"ಲೋ, ಬೇಡ್ವೋ!"

ಆಂಟಿಯರನ್ನು ಹಿಂದೆ ಹಾಕಿದ. ಯಾರೋ ಚಪ್ಪಾಳೆ ತಟ್ಟಿದ್ದು ಕೇಳಿಸಿತು. ಆ ಹುರುಪಿನಲ್ಲಿ ಸೇತುವೆಯವರೆಗೂ ಓಡಿ, ಮೊದಲ ಸಲ ಬಿದ್ದ ಕಡೆಯೇ ಕಂಬಿ ಹಿಡಿದು ಕೂತ.

ಮತ್ತೆ ಬಿರುಕು, ಮತ್ತೆ ಬೂಟು. ಅಂಕಲ್ ಫೋನ್ ಮಾಡಿದರು. "ಮೂಳೆ ವಿಷ್ಯ ನಂಗೇನಪ್ಪಾ ಗೊತ್ತು? ಯಾರಾದ್ರೂ ಸರಿಯಾದ ಡಾಕ್ಟರಿಗೆ ತೋರಿಸ್ಬಾರದಾ?"

"ಹೌದು ಅಂಕಲ್," ಅಂದ ಉತ್ತಮ್.

ಅಕ್ಟೋಬರ್‌ನಲ್ಲಿ ಮೂಳೆ ಕೂಡಿಕೊಂಡಿತು. ಇನ್ನು ಓಡಬಹುದು ಅಂದರು ಆಸ್ಪತ್ರೆಯವರು. ಬೆಳಗ್ಗೆ ಗುರುದತ್‌ನ ಮೆಸೇಜು ಬರುತ್ತಿತ್ತು: "ಕೆಳಗಿದೀನಿ, ಬಾರೋ. ನಡೆದ್ರೂ ಸಾಕು." ಉತ್ತಮ್ ಎದ್ದು ಕೂತು ಶೂ ನೋಡುತ್ತಿದ್ದ. ನೋವಿರಲಿಲ್ಲ. ಇದ್ದಿದ್ದರೆ ಹೇಳಿಕೊಳ್ಳಲು ಒಂದು ನೆಪವಾದರೂ ಸಿಗುತ್ತಿತ್ತು. "ನಾಳೆ ಬರ್ತೀನಿ" ಎಂದು ಕಳಿಸಿ ಮುಸುಕೆಳೆದುಕೊಳ್ಳುತ್ತಿದ್ದ. ಕೆಲವು ವಾರ ಹೀಗೇ ಹೋಯಿತು. ಆಮೇಲೆ ಗುರುದತ್ ಪ್ರಾಸ್ಪೆಕ್ಟ್ ಬಡಾವಣೆಯ ಓಟಗಾರರ ಜೊತೆ ಸೇರಿಕೊಂಡ. ಮೆಸೇಜು ನಿಂತಿತು. ಆಫೀಸಿನಲ್ಲಿ ಎದುರಾದರೆ ತಲೆಯಾಡಿಸುತ್ತಿದ್ದ, ಅಷ್ಟೇ.

ಡಿಸೆಂಬರ್‌ನಲ್ಲಿ ಉತ್ತಮ್ ಕೊನೆಗೂ ಒಂದು ಕ್ಲಿನಿಕ್ಕಿನಲ್ಲಿ ಹೆಸರು ಬರೆಸಿದ. ಸಕ್ಕರೆ ಮತ್ತೆ ಗಡಿ ದಾಟಿತ್ತು. ಡಾಕ್ಟರು ಸಾಕ್ಸ್ ಬಿಚ್ಚಿಸಿ ಪಾದ ನೋಡಿದರು. ಬೆರಳು ಹತ್ತೂ ಇದ್ದವು. ಹೋದದ್ದು ಒಂದು ಚಳಿಗಾಲ, ಒಬ್ಬ ಗೆಳೆಯ.