ಟಿಟವಿ ಇಟ್ಟ ಜಾಗ

ಜಯಮಾಲಾ ಒಂದು ಕಡೆ ನಿಂತವಳೂ ಅಲ್ಲ, ಕೂತವಳೂ ಅಲ್ಲ. ಜೇವರ್ಗಿಯ ಶಾಲೆಯಲ್ಲಿ ವಿಜ್ಞಾನದ ಪಾಠ ಮಾಡುವಾಗ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಹಲಗೆಗೆ ಓಡಾಡಿ ಹುಡುಗಿಯರ ಕತ್ತು ನೋಯಿಸುತ್ತಿದ್ದಳು. ಊಟಕ್ಕೆ ಕೂತರೆ ಅರ್ಧ ರೊಟ್ಟಿಗೇ ಏನೋ ನೆನಪಾಗಿ ಎದ್ದುಬಿಡುತ್ತಿದ್ದಳು. ಇಂಥವಳಿಗೆ ಹಕ್ಕಿಗಳ ಫೋಟೋ ತೆಗೆಯುವ ಹುಚ್ಚು ಹಿಡಿಯಬೇಕೆ? ಹಿಡಿಯಿತು. ಅದೂ ಬೇಸಿಗೆ ರಜೆಯಲ್ಲಿ, ನಾಯಿ ಕೂಡ ನೆರಳು ಬಿಟ್ಟು ಏಳದ ನಮ್ಮ ಸೀಮೆಯ ಬೇಸಿಗೆಯಲ್ಲಿ.

ಗಂಡ ಅರುಣಕುಮಾರ ಕಲಬುರಗಿಯಿಂದ ಉದ್ದ ಮೂತಿಯ ಕ್ಯಾಮೆರಾ ತಂದುಕೊಟ್ಟ ಮೇಲೆ ಅವಳು ಕೊಳಕೂರಿನ ಮನೆಯಲ್ಲಿ ಬೆಳಗಿನ ಹೊತ್ತು ಕಂಡದ್ದೇ ಇಲ್ಲ. ಬೆಳಕು ಹರಿಯುವ ಮುಂಚೆ ಹೊರಬಿದ್ದು, ಬಿಸಿಲು ಚುರ್ರೆನ್ನುವಾಗ ಮುಖ ಕೆಂಪಗೆ ಮಾಡಿಕೊಂಡು ತಿರುಗಿ ಬರುತ್ತಿದ್ದಳು. ಬಿರುಕು ಬಿಟ್ಟ ಎರೆಹೊಲ, ಬದುವಿನ ಮೇಲಿನ ಬನ್ನಿಗಿಡ, ಬತ್ತಿದ ಹಳ್ಳ, ಅವಳು ತುಳಿಯದ ಜಾಗವಿಲ್ಲ. ಹಕ್ಕಿಗಳೇನೋ ಸಿಗುತ್ತಿದ್ದವು, ಫೋಟೋ ಸಿಗುತ್ತಿರಲಿಲ್ಲ. ತಂತಿಯ ಮೇಲೆ ನೀಲಕಂಠ ಹಕ್ಕಿ ಕೂತಿರುವುದು, ಇವಳು ಕ್ಯಾಮೆರಾ ಎತ್ತುವಳು, ಇನ್ನೊಂದೇ ಹೆಜ್ಜೆ ಹತ್ತಿರ ಹೋದರೆ ಚಂದ ಅನ್ನಿಸುವುದು, ಆ ಹೆಜ್ಜೆಗೇ ಹಕ್ಕಿ ಹಾರುವುದು. ಕ್ಯಾಮೆರಾದಲ್ಲಿ ಉಳಿಯುತ್ತಿದ್ದದ್ದು ಬರೀ ಬಾಲ, ಇಲ್ಲವೇ ಬರೀ ತಂತಿ.

"ಬೆಳಗಾದ್ರ ಊರ ಹೊಲ ಅಳಿಯಾಕ ಹೋಗ್ತಾಳ ನಮ್ಮ ಸೊಸಿ," ಎಂದು ಮಾವ ಬಸವಂತರಾಯರು ಕಟ್ಟೆಯ ಮೇಲೆ ಕೂತು ಹೋಗಿಬರುವವರಿಗೆ ಹೇಳುತ್ತಿದ್ದರು. "ಯಾರ ಬದು ಎಲ್ಲಿ ಅದ ಅಂತ ತಲಾಟಿಗಿಂತ ಹೆಚ್ಚು ಮಾಲೂಮ್ ಅದ ಆಕಿಗೆ."

ಜಯಮಾಲಾ ನಕ್ಕು ಒಳಗೆ ಹೋಗುತ್ತಿದ್ದಳು. ನಕ್ಕರೂ ಆ ಮಾತು ಒಳಗೆ ಚುಚ್ಚುತ್ತಿತ್ತು.

ಟಿಟವಿ ಹಕ್ಕಿಯ ತತ್ತಿ, ಅಂದರೆ ಮೊಟ್ಟೆ, ಸಿಕ್ಕಿದ್ದು ಜಾಲಿಮುಳ್ಳಿನ ದಯೆಯಿಂದ. ಊರಾಚೆಯ ಒಣ ಹಳ್ಳದಲ್ಲಿ ನಡೆಯುವಾಗ ಮುಳ್ಳು ಚಪ್ಪಲಿ ತೂರಿ ಅಂಗಾಲಿಗೆ ನಾಟಿತು. ಬೇರೆ ದಾರಿಯಿಲ್ಲದೆ ಕೂತಳು. ಮುಳ್ಳು ಕಿತ್ತು ತಲೆ ಎತ್ತಿದರೆ ಎದುರಿಗೇ, ಹಳ್ಳದ ನಡುವಿನ ಹರಳುಮಣ್ಣಿನ ಸಣ್ಣ ಗರಸಿನ ಗುಪ್ಪೆಯ ಮೇಲೆ, ಉದ್ದನೆಯ ಹಳದಿ ಕಾಲಿನ, ಕಪ್ಪು ಕೊರಳಿನ ಟಿಟವಿ. ಅದು ಎದ್ದು ಕೂಗಾಡಿತು. ಜೋಡಿ ಹಕ್ಕಿಯೂ ಬಂದು ತಲೆಯ ಮೇಲೆ ಸುತ್ತು ಹಾಕಿತು. ಬೇರೆ ದಿನವಾಗಿದ್ದರೆ ಜಯಮಾಲಾ ಅಷ್ಟರಲ್ಲಿ ಎದ್ದು ಹಿಂದೆ ಓಡುತ್ತಿದ್ದಳು. ಕಾಲು ನೋಯುತ್ತಿದ್ದುದರಿಂದ ಅಲ್ಲೇ ಉಳಿದಳು. ಕೂಗಿ ಕೂಗಿ ದಣಿದ ಹಕ್ಕಿ ಮರಳಿ ಬಂದು ನಿಂತಿತು. ಅದರ ಕಾಲ ಬಳಿ ನಾಲ್ಕು ತತ್ತಿ, ಮಣ್ಣಿನ ಬಣ್ಣಕ್ಕೆ ಕರಿ ಚುಕ್ಕಿ. ಗೂಡು ಗೀಡು ಏನಿಲ್ಲ, ಬರೀ ಹರಳು. ಅವಳು ಬೋರಲು ಮಲಗಿ, ಕ್ಯಾಮೆರಾವನ್ನು ನೆಲಕ್ಕೇ ಇಟ್ಟು, ಮೂತಿಯನ್ನು ಮೇಲಕ್ಕೆ ಮಾಡಿ ಗುಂಡಿ ಒತ್ತಿದಳು. ಹುಟ್ಟಿದಾಗಿನಿಂದ ಅವಳು ತೆಗೆದ, ಅಲುಗಾಡದ ಮೊದಲ ಫೋಟೋ ಅದು.

ಆ ಸಂಜೆಯೇ ಅದನ್ನು ಊರ ವಾಟ್ಸಾಪ್ ಗುಂಪಿಗೆ ಹಾಕಿದಳು. ಹಾಕದೆ ಇರಲು ಅವಳಿಂದ ಆಗುತ್ತಿರಲಿಲ್ಲ.

ನಮ್ಮ ಕಡೆ ಟಿಟವಿಯ ತತ್ತಿ ಅಂದರೆ ಬರೀ ತತ್ತಿಯಲ್ಲ. ಎತ್ತರದಲ್ಲಿಟ್ಟರೆ ಮಳೆ ಭರ್ತಿ, ತಗ್ಗಿನಲ್ಲಿಟ್ಟರೆ ಮಳೆ ಕಮ್ಮಿ. ನಾಲ್ಕಿದ್ದರೆ ನಾಲ್ಕು ತಿಂಗಳೂ ಮಳೆ. ಬಸವಂತರಾಯರು ಬಸವಣ್ಣನ ಹಾದಿಯವರು, ಪಂಚಾಂಗ ಮುಟ್ಟುವವರಲ್ಲ, ಮುಹೂರ್ತ ಕೇಳುವವರಲ್ಲ. ಮಗನ ಮದುವೆಯನ್ನು ಬೀಗರಿಗೆಲ್ಲ ಬಿಡುವಿದ್ದ ದಿನ ನೋಡಿ ಮಾಡಿದವರು. ಆದರೆ ಟಿಟವಿಯ ಮಾತು ಬೇರೆ. ಯಾವ ಹೊಲಕ್ಕೆ ಹೆಸರುಕಾಳು, ಯಾವುದಕ್ಕೆ ತೊಗರಿ ಎಂದು ಅವರು ಪ್ರತಿ ಬೇಸಿಗೆ ಆ ಹಕ್ಕಿಯನ್ನು ಕೇಳಿಯೇ ಗೊತ್ತು ಮಾಡುತ್ತಿದ್ದರು. ಈಚೆಗೆ ಮಂಡಿ ನೋವಿನಿಂದ ಹುಡುಕಿಕೊಂಡು ಹೋಗಲು ಆಗದೆ ಚಡಪಡಿಸುತ್ತಿದ್ದರು.

ಈಗ ಮೊಬೈಲನ್ನು ಕಣ್ಣಿಗೆ ಹತ್ತಿರ, ದೂರ, ಮತ್ತೆ ಹತ್ತಿರ ಹಿಡಿದು ನೋಡಿದರು. ಫೋಟೋದಲ್ಲಿ ತತ್ತಿಯ ಹಿಂದೆ ಬರೀ ನೀಲಿ ಮುಗಿಲು. ನೆಲದಿಂದ ತೆಗೆದಿದ್ದಕ್ಕೆ ಮೊಳದೆತ್ತರದ ಗುಪ್ಪೆ ದೊಡ್ಡ ಗುಡ್ಡದ ನೆತ್ತಿಯಾಗಿ ಕಾಣುತ್ತಿತ್ತು.

"ಎಷ್ಟು ಎತ್ತರದಾಗ ಇಟ್ಟಾದಲೇ ಅರುಣಾ! ನಾಕಕ್ಕ ನಾಕು!" ಎಂದು ಮುದುಕ ಕೂಗಿದರು. "ಯವ್ವಾ ಜಯಾ, ನಿನ್ನ ಕಣ್ಣು ಅಂದ್ರ ಹದ್ದಿನ ಕಣ್ಣು ನೋಡವಾ. ನಾ ಸುಮ್ಮ ಸುಮ್ಮನ ಆಡಿಕೊಳ್ಳತಿದ್ದೆ."

ಅಲ್ಲ ಮಾವಾರ, ಅದು ಹಳ್ಳದಾಗ ಅದ, ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಬಂದದ್ದನ್ನು ನುಂಗಿದಳು. ಈ ಮನೆಗೆ ಬಂದ ಮೇಲೆ ಮಾವ ಹೊಗಳಿದ್ದು ಇದೇ ಮೊದಲು, ಆ ಹೊಗಳಿಕೆ ಸಿಹಿಯಾಗಿತ್ತು. ಒಂದು ಗಳಿಗೆ ಇಟ್ಟುಕೊಳ್ಳೋಣ, ಆಮೇಲೆ ಹೇಳಿದರಾಯಿತು ಅಂದುಕೊಂಡಳು. ಅಷ್ಟರಲ್ಲಿ ಫೋಟೋ ಅಫಜಲಪುರ ದಾಟಿ, ಕರಜಗಿ ದಾಟಿ, ಅವಳ ತವರು ಆಳಂದ ಮುಟ್ಟಿತ್ತು. ಅಲ್ಲಿಂದ ತಮ್ಮ ಕಲ್ಯಾಣಕುಮಾರ ಫೋನು ಮಾಡಿ, "ಅಕ್ಕಾ, ನಿಮ್ಮೂರ ಗುಡ್ಡದ ಟಿಟವಿ ಅಂತ ಇಲ್ಲಿ ಮಂದಿ ನನಗ ತೋರಸಾಕತ್ತಾರ!" ಅಂದ. ಕೊಳಕೂರಿಗೆ ಗುಡ್ಡವೇ ಇಲ್ಲವೆಂಬುದು ಯಾರಿಗೂ ಹೊಳೆಯಲಿಲ್ಲ. ಹೊಳೆಯಲಿ ಎಂಬ ಆಸೆ ತಾನೇ ಯಾರಿಗಿತ್ತು?

ಅವಳ ನಿದ್ದೆ ಕೆಟ್ಟದ್ದು ಸುಳ್ಳಿಗಾಗಿ ಅಲ್ಲ. ವಿಜ್ಞಾನ ಕಲಿಸುವವಳಿಗೆ ಹಕ್ಕಿಯ ಭವಿಷ್ಯದಲ್ಲಿ ನಂಬಿಕೆ ಇರಲಿಲ್ಲ. ಮಳೆ ಬಂದರೆ ಹಳ್ಳ ಹರಿಯುತ್ತದೆ, ಹಳ್ಳ ಹರಿದರೆ ತತ್ತಿ ಹೋಗುತ್ತದೆ, ಅಷ್ಟೇ ಲೆಕ್ಕ. ಮೊದಲು ಅವಳಿಗೆ ಬೇಕಿದ್ದದ್ದು ಮರಿ ಚಿಪ್ಪು ಒಡೆದು ಹೊರಬರುವ ಒಂದು ಫೋಟೋ. ದಿನಾ ಹೋಗಿ ನೋಡಿ ನೋಡಿ, ಸುಡುವ ಬಿಸಿಲಿನಲ್ಲಿ ಆ ಹಕ್ಕಿ ಎದೆ ಒದ್ದೆ ಮಾಡಿಕೊಂಡು ಬಂದು ತತ್ತಿಗೆ ತಂಪು ಹಚ್ಚುವುದನ್ನು ಕಂಡ ಮೇಲೆ, ಫೋಟೋ ಹೋದರೆ ಹೋಗಲಿ, ಮರಿ ಹೊರಬರಲಿ ಅನ್ನಿಸತೊಡಗಿತು. ಕೊಳಕೂರಿಗೆ ಕೊಳಕೂರೇ ಮಳೆ ಬೇಗ ಬರಲೆಂದು ಮುಗಿಲು ನೋಡುತ್ತಿದ್ದಾಗ ಇವಳೊಬ್ಬಳು ಮಳೆ ತಡವಾಗಲೆಂದು ಮುಗಿಲು ನೋಡುತ್ತಿದ್ದಳು. ನಮ್ಮ ಸೀಮೆಯಲ್ಲಿ ಮಳೆ ಬೇಡ ಅನ್ನುವುದೆಂದರೆ ಉಣ್ಣುವ ತಟ್ಟೆಗೆ ಕಾಲು ತಾಗಿಸಿದಂತೆ. ಅದು ಅವಳಿಗೆ ಗೊತ್ತಿತ್ತು, ಗೊತ್ತಿದ್ದೂ ಬೇಡುತ್ತಿದ್ದಳು.

"ಯಾಕವಾ, ಮೋಡ ಕಂಡ್ರ ಮಾರಿ ಸಣ್ಣದು ಮಾಡ್ತಿ?" ಎಂದು ಅತ್ತೆ ಸುಭದ್ರಾಬಾಯಿ ಒಮ್ಮೆ ಕೇಳಿದರು.

"ಒಣಗಾಕ ಹಾಕಿದ ಸಂಡಿಗಿ ಅದ ಅಲ್ರಿ ಅತ್ತಿ," ಎಂದು ಜಯಮಾಲಾ ತಪ್ಪಿಸಿಕೊಂಡಳು.

ಟ್ರ್ಯಾಕ್ಟರ್ ಹೊಡೆಯುವ ಚಮನಸಾಬ ಇನ್ನೊಂದು ತಲೆನೋವು. ಊರ ಅರ್ಧ ಹೊಲಗಳನ್ನು ಹರಗುವವನು ಅವನೇ. "ಟೀಚರಬಾಯಿ, ಜಾಗ ಹೇಳ್ರಿ, ಒಮ್ಮೆ ಕಣ್ಣಿಲೆ ನೋಡಿ ಬರ್ತೇನಿ," ಎಂದು ಕಂಡಲ್ಲೆಲ್ಲ ಕೇಳುತ್ತಿದ್ದ. ಅವನು ಬಂದರೆ ಊರೇ ಬರುತ್ತದೆ. ಊರು ಬಂದರೆ ಹರಳಿನ ಬಣ್ಣದ ತತ್ತಿ ಯಾರದೋ ಕಾಲ ಕೆಳಗೆ. "ಭಾಳ ದೂರ ಅದ ಚಮನಣ್ಣಾ," ಎಂದು ಅವಳು ಹಳ್ಳಕ್ಕೆ ಬೆನ್ನು ಮಾಡಿ ನಿಲ್ಲುತ್ತಿದ್ದಳು.

ಕೊನೆಗೆ ಒಂದು ಉಪಾಯ ತೋಚಿತು. ನೆಲದ ಮೇಲೆ ಇಡುವ ಹಕ್ಕಿಯ ತತ್ತಿಗಳನ್ನು ದಿನಕ್ಕೆ ಸ್ವಲ್ಪ ಸ್ವಲ್ಪ ಸರಿಸಿದರೆ ತಾಯಿ ಹಿಂದೆಯೇ ಬರುತ್ತದೆಂದು ಎಲ್ಲೋ ಓದಿದ್ದಳು. ಮೊದಲ ದಿನ ಒಂದು ಗೇಣು ಸರಿಸಿದಳು. ತತ್ತಿಯ ಸುತ್ತಲಿನ ಹರಳನ್ನೂ ಹಾಗೆಯೇ ಜೋಡಿಸಿ ದೂರ ಹೋಗಿ ಜಾಲಿಯ ಮರೆಯಲ್ಲಿ ಕೂತಳು. ಹಕ್ಕಿ ಬಂತು, ಹಳೆಯ ಜಾಗದಲ್ಲಿ ನಿಂತಿತು, ಕತ್ತು ಕೊಂಕಿಸಿ ನೋಡಿತು, ಆಮೇಲೆ ಹೋಗಿ ತತ್ತಿಯ ಮೇಲೆ ಕೂತಿತು. ಜಯಮಾಲಾಳಿಗೆ ಅಳು ಬಂತು. ಯಾಕೆ ಬಂತೆಂದು ಕೇಳಿದರೆ ಅವಳೂ ಹೇಳಲಾರಳು.

ಹೀಗೆ ದಿನಾ ಒಂದೊಂದು ಗೇಣು, ದಂಡೆಯ ಕಡೆಗೆ. ಆದರೆ ರೊಟ್ಟಿ ತಿನ್ನುವಷ್ಟು ಹೊತ್ತು ಕೂಡಲಾರದವಳಿಗೆ ಗೇಣಿನ ಲೆಕ್ಕ ಎಷ್ಟು ದಿನ ಒಗ್ಗೀತು? ಅತ್ತ ಮುಗಿಲು ದಿನದಿನಕ್ಕೆ ದಪ್ಪವಾಗುತ್ತಿತ್ತು. ಟಿ.ವಿ.ಯವರು ಈ ಸಲ ಮಳೆ ಬೇಗ ಅನ್ನುತ್ತಿದ್ದರು. ಗಾಣಗಾಪುರದ ಕಡೆ ಆಗಲೇ ನಾಲ್ಕು ಹನಿ ಬಿದ್ದವೆಂಬ ಸುದ್ದಿಯೂ ಬಂತು. ಅಂದು ಬೆಳಿಗ್ಗೆ ಅವಳಿಗೆ ತಡೆಯಲಾಗಲಿಲ್ಲ. ಒಂದೇ ಏಟಿಗೆ ತತ್ತಿಗಳನ್ನು ಎತ್ತಿ ದಂಡೆಯ ಬುಡದ ಹತ್ತಿರಕ್ಕೆ ಒಯ್ದಿಟ್ಟಳು.

ಹಕ್ಕಿ ಬಂದು ಹಳೆಯ ಜಾಗದಲ್ಲಿ ಕೂತಿತು. ಏನೂ ಇಲ್ಲದ ಹರಳಿನ ಮೇಲೆ ಕೂತೇ ಇತ್ತು. ಸೂರ್ಯ ಏರಿದ, ನೆಲ ಕಾದ ಹಂಚಾಯಿತು, ನಾಲ್ಕು ತತ್ತಿ ಬಯಲಲ್ಲಿ ಬೇಯುತ್ತಿದ್ದವು. ಜಯಮಾಲಾ ಜಾಲಿಯ ಕೆಳಗೆ ಎದ್ದಳು, ಕೂತಳು, ಉಗುರು ಕಡಿದಳು, ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು. ಕೊನೆಗೆ ಓಡಿಹೋಗಿ ತತ್ತಿಗಳನ್ನು ಸೆರಗಿನಲ್ಲಿ ತಂದು ಹಕ್ಕಿ ಕೂತ ಜಾಗದಲ್ಲೇ ಇಟ್ಟಳು. ಆಮೇಲೆ ಎರಡು ದಿನ ಮುಟ್ಟಲು ಧೈರ್ಯವಾಗಲಿಲ್ಲ. ಒಂದು ದಿನದ ಆತುರಕ್ಕೆ ಮೂರು ದಿನದ ದಾರಿ ಹೋಯಿತು.

ಮೂರನೆಯ ಮಧ್ಯಾಹ್ನ ಪಡುವಣದಿಂದ, ಅಫಜಲಪುರದ ಕಡೆಯಿಂದ, ಮುಗಿಲು ಕರ್ರಗೆ ಎದ್ದು ಬಂತು. ಗಾಳಿ ಬೀಸಿತು, ಧೂಳೆದ್ದಿತು, ಕಟ್ಟೆಯ ಮೇಲಿದ್ದ ಬಸವಂತರಾಯರು ಎರಡೂ ಕೈ ಮೇಲೆತ್ತಿ "ಬಾರಪ್ಪಾ, ಬಾ!" ಎಂದು ಕರೆದರು. ಹನಿಗಳು ದಪ್ಪಗೆ ಬಿದ್ದವು. ಜಯಮಾಲಾ ಹೊಸ್ತಿಲು ದಾಟಿ ಓಡಿದಳು. ಹಿಂದಿನಿಂದ ಅತ್ತೆ ಕೂಗಿದ್ದು ಕೇಳಿಸಿತು, ನಿಲ್ಲಲಿಲ್ಲ. ಎರೆಮಣ್ಣು ಕಾಲಿಗೆ ಮೆತ್ತಿಕೊಂಡು ಒಂದೊಂದು ಹೆಜ್ಜೆಯೂ ಭಾರವಾಯಿತು, ಚಪ್ಪಲಿ ಅಲ್ಲೇ ಕಳಚಿ ಬಿಟ್ಟಳು.

ಅವಳು ಮುಟ್ಟುವ ಹೊತ್ತಿಗೆ ಹಳ್ಳ ಬಂದಿತ್ತು. ಮೇಲಿನ ಹೊಲಗಳ ಕಸಕಡ್ಡಿ, ನೊರೆ, ಕೆಂಪು ಕರಿ ಮಣ್ಣು ಎಲ್ಲ ಹೊತ್ತ ನೀರು ದಂಡೆಯಿಂದ ದಂಡೆಗೆ ಹರಿಯುತ್ತಿತ್ತು. ಗರಸಿನ ಗುಪ್ಪೆ ಎಲ್ಲಿತ್ತೆಂಬುದೇ ಗೊತ್ತಾಗಲಿಲ್ಲ. ಮೊಣಕಾಲುದ್ದ ನೀರಿಗಿಳಿದು ಎರಡೂ ಕೈಯಿಂದ ತಳ ತಡಕಿದಳು. ದುಂಡಗಿನದು ಸಿಕ್ಕಿತೆಂದು ಎತ್ತಿದರೆ ಕಲ್ಲು. ಮತ್ತೊಮ್ಮೆ ಎತ್ತಿದರೂ ಕಲ್ಲು. ಎರಡು ಟಿಟವಿಗಳು ತಲೆಯ ಮೇಲೆ ಸುತ್ತುತ್ತ ಕೂಗುತ್ತಿದ್ದವು, ನೀರಿಗೆ ಇಳಿದಂತೆ ಮಾಡಿ ಮತ್ತೆ ಏಳುತ್ತಿದ್ದವು. ಕೊನೆಗೆ ಅವಳು ದಂಡೆಗೆ ಹತ್ತಿ ಅಲ್ಲೇ ಕುಸಿದು ಕೂತಳು.

ಮಳೆ ತುಸು ಇಳಿದಾಗ ಊರು ಬಂತು. ವರ್ಷದ ಮೊದಲ ನೀರು ಹಳ್ಳಕ್ಕೆ ಬಂದರೆ ಹೆಂಗಸರು ಹೋಗಿ ನೀರಿಗೆ ಕಾಣಿಕೆ ಬಿಟ್ಟು ಅದರ ಉಡಿ ತುಂಬುವುದು ಕೊಳಕೂರಿನ ರೂಢಿ. ಸುಭದ್ರಾಬಾಯಿಯ ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಹಸಿರು ಕುಪ್ಪಸದ ಕಣ, ಜೋಳ, ತೆಂಗಿನಕಾಯಿ, ಅರಿಷಿಣ ಕುಂಕುಮ. ಬಸವಂತರಾಯರು ಮಂಡಿ ನೋವನ್ನು ಮರೆತು ಮಗನ ಹೆಗಲು ಹಿಡಿದು ನಡೆದೇ ಬಂದಿದ್ದರು. ಹಿಂದೆ ಚಮನಸಾಬ, ಅವನ ಹಿಂದೆ ಅರ್ಧ ಊರು.

"ನಮಗಿಂತ ಮೊದಲ ಬಂದಾಳ ನೋಡ್ರಿ!" ಎಂದು ಮಾವ ಎಲ್ಲರಿಗೂ ಕೇಳುವಂತೆ ಹೇಳಿದರು. "ಸುದ್ದಿ ತಂದಾಕಿ ಆಕಿ. ಆಕಿನೇ ಉಡಿ ತುಂಬಲಿ."

ಅತ್ತೆ ತಟ್ಟೆಯನ್ನು ಮುಂದೆ ಹಿಡಿದರು. ಕೆಸರಾದ ಕೈಯನ್ನು ಜಯಮಾಲಾ ಎತ್ತಲಿಲ್ಲ.

"ಕೇಳ್ರಿ, ಕೇಳ್ರಿ," ಎಂದು ಚಮನಸಾಬ ಮುಗಿಲಿಗೆ ಬೊಟ್ಟು ಮಾಡಿದ. "ಟಿಟವಿ ಸೈತ ಖುಷೀಲೆ ಹಾಡಾಕತ್ತಾವ!"

"ಹಾಡಲ್ಲರಿ ಅದು!" ಜಯಮಾಲಾ ಕಿರುಚಿದಳು. ಅವಳ ದನಿ ಅವಳಿಗೇ ಬೇರೆಯವರದೆನಿಸಿತು. "ಅದರ ತತ್ತಿ ಈ ನೀರಿನ ಕೆಳಗ ಅವ. ಗುಡ್ಡದಾಗ ಅಲ್ಲ, ಇಲ್ಲೇ, ಹಳ್ಳದಾಗ ಇಟ್ಟಿತ್ತು. ನಾ ನೆಲಕ್ಕ ಮಲಗಿ ಫೋಟೋ ಹೊಡದಿದ್ದಕ್ಕ ಎತ್ತರ ಕಂಡದ. ಗೊತ್ತಿದ್ದೂ ನಾ ಹೇಳಲಿಲ್ಲ. ಮಳಿ ಬರಬಾರದು ಅಂತ ದಿನಾ ಬೇಡಿಕೊಂಡೇನಿ. ಬೈಯ್ರಿ ನನಗ, ಬೇಕಾದಷ್ಟು ಬೈಯ್ರಿ!"

ಯಾರೂ ಬೈಯಲಿಲ್ಲ. ಮಳೆ ಬಂದಾಗಿತ್ತು, ಬೈದು ಏನು ಮಾಡುವುದು? ಎಲ್ಲರೂ ಬಸವಂತರಾಯರ ಕಡೆ ನೋಡಿದರು. ಮುದುಕ ನೀರನ್ನೇ ನೋಡುತ್ತಿದ್ದರು.

"ತಗ್ಗಿನಾಗ ಇಟ್ಟಿತ್ತು?"

"ಹೌದ್ರಿ."

"ಮತ್ತ ಮಳಿ ಬಂತಲ್ಲ."

ಟಿಟವಿ ತಗ್ಗಿನಲ್ಲಿ ಇಟ್ಟಿತೆಂದು ಬಿತ್ತದೆ ಬಿಟ್ಟ ಹೊಲಗಳು, ಎತ್ತರದಲ್ಲಿಟ್ಟಿತೆಂದು ಎದೆಯುಬ್ಬಿಸಿ ಬಿತ್ತಿದ ಹೊಲಗಳು, ಅರವತ್ತು ವರ್ಷದ ಬೇಸಿಗೆಗಳೆಲ್ಲ ಮಾವನ ಮುಖದ ಮೇಲೆ ಹಾದುಹೋದಂತೆ ಜಯಮಾಲಾಳಿಗೆ ಕಂಡಿತು. ಅವರು ಕತ್ತೆತ್ತಿ, ಕೂಗುತ್ತಿದ್ದ ಜೋಡಿಯನ್ನು ಬಹಳ ಹೊತ್ತು ನೋಡಿದರು.

"ಹಂಗಾದ್ರ ಅದಕ್ಕೂ ಗೊತ್ತಿರಲಿಲ್ಲೇನವಾ?" ಎಂದು ಕೇಳಿದರು. ಮಗುವಿನಂತೆ ಕೇಳಿದರು.

"ಇಲ್ರಿ ಮಾವಾರ," ಅಂದಳು ಜಯಮಾಲಾ. "ಗೊತ್ತಿದ್ರ ಮಕ್ಕಳನ್ನ ಇಲ್ಲಿ ಇಡ್ತಿತ್ತೇನ್ರಿ?"

ಬಸವಂತರಾಯರು ಮಗನ ಹೆಗಲು ಬಿಟ್ಟು ಸೊಸೆಯ ಪಕ್ಕದಲ್ಲಿ, ಹಸಿ ಮಣ್ಣಿನ ಮೇಲೆಯೇ ಕೂತರು. ಸುಭದ್ರಾಬಾಯಿ ತಟ್ಟೆ ಹಿಡಿದು ನೀರಿನ ಕಡೆ ಹೆಜ್ಜೆ ಹಾಕಿದಾಗ ಅವರು ಕೈ ಅಡ್ಡ ಹಿಡಿದರು.

"ತಡಿ," ಅಂದರು. "ಅವು ಇನ್ನಾ ಅಳಾಕತ್ತಾವ."