ಬೊಗಸೆ ತಾಯಿಯ ಕಿರುಬೆರಳು

ರಾಯಚೂರಿನಲ್ಲಿ ಬೊಗಸೆ ತಾಯಿಯನ್ನು ಅರಿಯದವರು ಯಾರಿದ್ದಾರೆ? ಸರ್ಕಲ್ಲಿನ ನಡುವೆ ಎರಡೂ ಕೈ ಜೋಡಿಸಿ ಬೊಗಸೆಯೊಡ್ಡಿ ನಿಂತ ಕಲ್ಲಿನ ಹೆಂಗಸು. ಕಾಳು ಕೊಡುವ ಕೈ ಅಂತ ಊರೆಲ್ಲ ಹೊಗಳಿದ್ದೇ ಹೊಗಳಿದ್ದು. ಅಕ್ಕಿ ಚೀಲದ ಮೇಲೆ ಅದೇ ಕೈ, ಲಗ್ನಪತ್ರಿಕೆಯ ಮೇಲೂ ಅದೇ ಕೈ. ಯಾರ ಕೈಯಪ್ಪಾ ಅದು ಎಂದು ಒಬ್ಬನಾದರೂ ಕೇಳಿದ್ದರೆ ಕೇಳಿ! ಕೆತ್ತಿದ ದೇವದುರ್ಗದ ಶಿಲ್ಪಿ ಸತ್ತು ಯಾವ ಕಾಲವಾಯಿತೋ.

ಮೂರ್ತಿಯ ಹಬ್ಬದ ದಿನ ಮೂಕಮ್ಮ ಅದರೆದುರು ನಿಂತಿದ್ದಳು. ಮಾನ್ವಿ ಕಡೆಯ ಚೀಕಲಪರ್ವಿಯವಳು, ಹರೆಯವನ್ನೆಲ್ಲ ಗದ್ದೆಯಲ್ಲಿ ಭತ್ತದ ಸಸಿ ಹಚ್ಚುವ ಕೆಸರಿನಲ್ಲೇ ಕಳೆದವಳು. ಜೊತೆಗೆ ಟೀಚರಾಗಿದ್ದ ಮೊಮ್ಮಗಳು ಮೌನೇಶ್ವರಿ.

"ಯವ್ವಾ, ಬಾಯಿ ಬಿಡಬ್ಯಾಡ ನೋಡು. ಮನಿ ಮಾಲಕರು ವಿರೂಪಣ್ಣೋರೇ ಮುಂದ ನಿಂತಾರ. ನಾವು ಯಾವ ಮಂದಿ ಅಂತ ಗೊತ್ತಾದ್ರ ಮನಿ ಬಿಡಸ್ತಾರ," ಎಂದು ದಾರಿಯುದ್ದಕ್ಕೂ ಹೇಳಿ ಕರೆತಂದಿದ್ದಳು. ಆ ಬಾಡಿಗೆ ಮನೆಗಾಗಿ ಅವಳು ಅಲೆದದ್ದು ಅಷ್ಟಿಷ್ಟಲ್ಲ.

ಅಕ್ಕಿ ಗಿರಣಿಯ ವಿರೂಪಣ್ಣ ಮೈಕು ಹಿಡಿದ. "ನೋಡ್ರಿ, ಇದು ಕೊಡೋ ಕೈ! ಚೀಕಲಪರ್ವಿ ಗದ್ಯಾಗ ನಮ್ಮಪ್ಪಾರ ದಾನಧರ್ಮ ನೋಡೇ ಶಿಲ್ಪಿ ಇದನ್ನ ಕಡದಾನ."

ಮೂರ್ತಿಯ ಮೇಲೆ ಕೊಡಗಟ್ಟಲೆ ಹಾಲು ಸುರಿದರು. ಬೊಗಸೆಯೊಳಗಿನ ಪಾರಿವಾಳದ ಹಿಕ್ಕೆಯನ್ನೂ ವರ್ಷದ ಧೂಳನ್ನೂ ಕಲಸಿಕೊಂಡು ಹಾಲು ಕೆಳಗಿಳಿಯಿತು. ತೀರ್ಥವಂತೆ! ವಿರೂಪಣ್ಣ ಮೊದಲು ಕುಡಿದು, ಕೈಯನ್ನು ತಲೆಗೆ ಒರೆಸಿಕೊಂಡ. ಮಂದಿ ಮೇಲೆ ಬಿದ್ದು ಕುಡಿದರು. ಮೂಕಮ್ಮ ತೀರ್ಥಕ್ಕೆ ಕೈಯೊಡ್ಡದೆ ಮೂರ್ತಿಯತ್ತ ತಲೆಯೆತ್ತಿದಳು.

ಆಗಲೇ ಅವಳಿಗೆ ಕಂಡದ್ದು, ಕಲ್ಲಿನ ಕಿರುಬೆರಳು. ಕುಡುಗೋಲು ತಾಗಿ ಸೊಟ್ಟಗಾದ ತನ್ನದೇ ಬೆರಳು! ಹರೆಯದ ಆ ಒಂದು ಮಧ್ಯಾಹ್ನ ನೆನಪಾಯಿತು. ಬದುವಿನ ಮೇಲೆ ಕೂತು ಚಿತ್ರ ಬರೆಯುತ್ತಿದ್ದ ಶಿಲ್ಪಿ, ತಾನು ಒಡ್ಡಿದ ಬೊಗಸೆ, ಎತ್ತರದಿಂದ ನೀರು ಹೊಯ್ಯುತ್ತಿದ್ದ ಗದ್ದೆಯ ಸಾಹುಕಾರ, ಈ ವಿರೂಪಣ್ಣನ ಅಪ್ಪ.

"ಕೊಡೋ ಕೈ ಅಲ್ರೀ ಇದು!" ಎಂದು ಕೂಗಿಯೇಬಿಟ್ಟಳು. ಮೌನೇಶ್ವರಿ ಸೆರಗು ಜಗ್ಗಿದಳು. ಯಾರು ಕೇಳುತ್ತಾರೆ! "ನನ್ನ ಕೈರಿ. ನೀರಡಿಸಿ ಒಡ್ಡಿದ್ದೆ. ನಾ ಕೊಡ ಮುಟ್ಟಿದ್ರ ಮೈಲಿಗಿ ಅಂತ ನಿಮ್ಮಪ್ಪಾರು ಮ್ಯಾಲಿಂದ ಹೊಯ್ದ್ರು. ಈ ಬೆರಳು ನೋಡ್ರಿ, ಆ ಬೆರಳು ನೋಡ್ರಿ."

ವಿರೂಪಣ್ಣ ಎರಡನ್ನೂ ನೋಡಿದ. ಮುಖ ಕಿವುಚಿ "ಥೂ!" ಎಂದು ಉಗುಳಿದ. ಪಾರಿವಾಳದ ಹಿಕ್ಕೆಯನ್ನು ಗಟಗಟ ಕುಡಿದ ಬಾಯಿ, ಮೂಕಮ್ಮನ ಕೈಯೆಂದ ಕೂಡಲೇ ಹೇಸಿತು. ಅವನ ಹಿಂದೆ ಇನ್ನೊಬ್ಬ ಉಗುಳಿದ, ಮತ್ತೊಬ್ಬ. ಎಂಥ ಹೊಲಸು ಜನವಪ್ಪಾ!

"ಲೇ, ನೀರು ತರ್ರಿ, ಬಾಯಿ ಮುಕ್ಕಳಸಬೇಕು," ಎನ್ನುತ್ತ ವಿರೂಪಣ್ಣ ಎರಡೂ ಕೈ ಜೋಡಿಸಿ ಬೊಗಸೆಯೊಡ್ಡಿದ.

ಮೌನೇಶ್ವರಿ ಅಜ್ಜಿಯ ಸೆರಗು ಬಿಟ್ಟಳು. ಮುಂದೆ ಬಂದು, ಬ್ಯಾಗಿನಿಂದ ಮನೆಯ ಕೀಲಿ ತೆಗೆದು, ಅವನ ಕೈಗೆ ಕೈ ತಾಗದಂತೆ ಎತ್ತರದಿಂದ ಆ ಬೊಗಸೆಯೊಳಗೆ ಹಾಕಿದಳು.

"ತಗೋರಿ. ನಿಮ್ಮ ಮನ್ಯಾಗ ಇರಾಕ ನಮಗ ಹೇಸಿಕಿ ಬರ್ತದ," ಎಂದಳು.